ಯಾರ ಮನೆಯ ಅನ್ನ

ಲೌರು ಅಕ್ಕಾ,

ನಿನ್ನನ್ನು ಹೊತ್ತೊಯ್ದವರ ಕುಲದ ಕಲ್ಲುಗೋರಿಯನ್ನು ನೀನು ಸೇರಿ ಮೂವತ್ತು ವರ್ಷವಾಯಿತು. ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಮ್ಮ ಸುಂಬಾ ದ್ವೀಪದಲ್ಲಿ ಹೆಣ್ಣನ್ನು ಹೊತ್ತೊಯ್ಯುವುದು ಇನ್ನೂ ನಿಂತಿಲ್ಲ. ನಿನ್ನನ್ನು ಕುದುರೆಯ ಮೇಲೆ ಒಯ್ದರು. ಮೊನ್ನೆ ಬಿರಿ ಎಂಬ ಹುಡುಗಿಯನ್ನು ಸಂತೆಯಿಂದ ಪಿಕಪ್ ಗಾಡಿಗೆ ಎತ್ತಿಹಾಕಿದರು. ಬದಲಾದದ್ದು ಅಷ್ಟೇ. ಒಯ್ದವರ ಮನೆಯ ಅನ್ನ ಉಂಡರೆ ಹುಡುಗಿ ಮದುವೆಗೆ ಒಪ್ಪಿದಳೆಂದೇ ಇವತ್ತಿಗೂ ಅರ್ಥ. ಇದಕ್ಕೆ ಪದ್ಧತಿ ಎನ್ನುತ್ತಾರೆ. ಉಪವಾಸ ಕೆಡವಿ ಕಿತ್ತುಕೊಂಡ ಒಪ್ಪಿಗೆ ದರೋಡೆ, ಅಷ್ಟೇ.

ಇವತ್ತು ನಮ್ಮ ಸಂಘದ ಹೆಂಗಸರೆಲ್ಲ ಪೊಲೀಸರನ್ನು ಎಳೆದುಕೊಂಡು ಆ ಮನೆಗೆ ನುಗ್ಗಿದೆವು. ಬಿರಿ ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ. ನಿನ್ನನ್ನು ಒಯ್ದವರ ಕುಲದ ಮುದುಕಿಯೊಬ್ಬಳು ತಟ್ಟೆ ಹಿಡಿದು ನನ್ನನ್ನೇ ಹಂಗಿಸಿದಳು: "ನಾವೂ ಅತ್ಕೊಂಡೇ ಬಂದೋರು ಕಣೇ. ಉಂಡ್ವಿ, ಹೆತ್ವಿ, ಸತ್ವಾ? ನಿಮ್ಮಕ್ಕನೂ ಉಣ್ಲಿಲ್ವಾ?"

"ಅವಳು ಸತ್ತಳಲ್ಲ ಅಜ್ಜಿ, ಮೊದಲ್ನೇ ಹೆರಿಗೇಲೇ" ಎಂದೆ.

ಬಿರಿಯನ್ನು ನನ್ನ ಮನೆಗೆ ಕರೆತಂದು ಬಡಿಸಿದೆ. ಅವಳು ತಟ್ಟೆ ಮುಟ್ಟದೆ ಕೇಳಿದಳು, "ಇದು ಯಾರ ಮನೆ ಅನ್ನ, ದೊಡ್ಡಮ್ಮಾ?"

ನಿನ್ನನ್ನು ಒಯ್ದವರ ಮನೆಯಲ್ಲಿ ನೀನೂ ಇದನ್ನೇ ಕೇಳಿದ್ದೆ. ತಟ್ಟೆ ಹಿಡಿದಿದ್ದ ಒಂಬತ್ತು ವರ್ಷದ ನಾನು, ಅವರ ಜೊತೆ ಸೇರಿಕೊಂಡಿದ್ದ ನಮ್ಮ ಚಿಕ್ಕಪ್ಪ ಹೇಳಿಕೊಟ್ಟ ಹಾಗೆ, "ನಮ್ಮನೇದೇ ಅಕ್ಕಾ, ಅಮ್ಮ ಮಾಡಿದ್ದು" ಎಂದಿದ್ದೆ. ನೀನು ನನ್ನ ಮುಖ ನೋಡಿ ಉಂಡೆ. ಅದು ಅವರ ಒಲೆಯ ಮೇಲೆ ಬೆಂದದ್ದೆಂದು ನನಗೆ ಗೊತ್ತಿತ್ತು.

ಬಿರಿಯ ಮುಂದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅವಳನ್ನು ಒಲೆಯ ಮುಂದೆ ಕೂರಿಸಿ, ಅವಳ ಕೈಯಿಂದಲೇ ಅಕ್ಕಿ ತೊಳೆಸಿ, ಮತ್ತೆ ಎಸರಿಟ್ಟೆ.