ಕೊನೆಯ ಸಾಲಿನ ಕ್ಯಾಮೆರಾ

ಗೋಕಾಕ
೧೪ ನವೆಂಬರ್ ೨೦೨೪

ಗೋಕಾಕದ ಮಗಳು, ಹುಕ್ಕೇರಿಯ ಸೊಸೆ, ನನ್ನ ಹಾಸ್ಟೆಲ್ ಕೋಣೆಯ ಅರ್ಧ ಒಡತಿ ಮಹೆಕಳಿಗೆ,

ಫೋನಿದ್ದೂ ಕಾಗದ ಬರೆಯಲು ಕಾರಣವಿದೆ. ಸುಳ್ಳು ಹೇಳುವಾಗ ನಾನು ಕೆಮ್ಮುತ್ತೇನೆಂದು ನಿನಗೆ ಗೊತ್ತು. ಕಾಗದಕ್ಕೆ ಕೆಮ್ಮಿಲ್ಲ.

ನಿನ್ನ ಅಬ್ಬಾ ಸುಭಾನಸಾಬ ಕಾಕಾನ ಮೇಲಿನ ಸಾಕ್ಷ್ಯಚಿತ್ರ ಮುಗಿಯುತ್ತ ಬಂತು. ನಲವತ್ತು ವರ್ಷ ಊರೂರ ನಾಟಕಗಳಿಗೆ ಪರದೆ ಬರೆದವರನ್ನು ಕೊನೆಗೂ ಪರದೆಯ ಮೇಲೆ ತರುತ್ತಿದ್ದೇನೆಂದು ನಾನು ಬೀಗುತ್ತಿದ್ದರೆ, ಅವರು ಮೊದಲ ದಿನವೇ ಕ್ಯಾಮೆರಾವನ್ನು ದೂರ ತಳ್ಳಿದರು. "ಪರದೆ ಬರಿಯೂದು ಕಡೀ ಸಾಲಿನಾಗ ಕುಂತಾಂವಗ. ಮೂಗಿಗೆ ಹಚ್ಚಿ ನೋಡಿದ್ರ ಅರಮನಿನೂ ಬರೇ ಬಣ್ಣದ ಡಾಗ. ನಿನ್ನ ಡಬ್ಬೀನೂ ಅಲ್ಲೇ ಕುಂಡ್ರಸು," ಎಂದು ಇಪ್ಪತ್ತು ಹೆಜ್ಜೆ ಎಣಿಸಿ, ಬಾಗಿಲ ಬಳಿ ಚಾಪೆ ಹಾಸಿದರು. ಕ್ಯಾಮೆರಾಕ್ಕೆ ಚಾಪೆ, ನನಗೆ ಬರೀ ನೆಲ.

ನಿನ್ನ ಅಮ್ಮ ಸುಲ್ತಾನಾಬಿ ಕಾಕಿ ಚಾ ತಂದಾಗಲೆಲ್ಲ ಛೇಡಿಸುತ್ತಿದ್ದರು: "ನಿಮ್ಮ ಕಾಕಾ ಸಿನಿಮಾದಾಂವ ಆಗ್ಯಾನವ್ವ, ಈಗ ಚಾ ಕುಡಿಯಾಕನೂ ಎರಡ ಟೇಕ್ ಬೇಕು." ನಾನು ಪೆದ್ದಿಯಂತೆ ನಗುತ್ತಿದ್ದೆ.

ಆಮೇಲೆ ಕಲ್ಲೋಳಿ ನಾಟಕ ಸಂಘದ ಮಹಾಂತೇಶ ಬಂದ. ಅವನು ಹೇಳಿ ಹೋಗಿದ್ದು ಅರಮನೆಯ ಪರದೆ. ಬಿಚ್ಚಿದರೆ ಅಡವಿ.

"ರಾಜಾ ಅಡವ್ಯಾಗ ದರಬಾರ ಮಾಡ್ತಾನೇನ್ರಿ ಕಾಕಾ?"

"ಬ್ಯಾಟಿಗೆ ಹೋಗ್ಯಾನಂತ ಒಂದ ಮಾತ ಸೇರಸ್ರಿ."

"ಮತ್ತ ರಾಣಿ?"

"ಆಕಿಗೇನ ಕಾಲಿಲ್ಲೇನ?"

ಪಾಪ, ಮಹಾಂತೇಶ ರಾಜ, ರಾಣಿ, ಮಂತ್ರಿ ಎಲ್ಲರನ್ನೂ ಬೇಟೆಗೆ ಕಳಿಸಿ ನಾಟಕ ಆಡಿಸಿದ. ನಾನೂ ಕೊನೆಯ ಸಾಲಿನಲ್ಲಿ ಕೂತಿದ್ದೆ. ಎಲೆಗಳೆಲ್ಲ ಗಾಳಿಗೆ ಅಲುಗುತ್ತಿರುವಂತೆ ಕಂಡವು, ಮಹೆಕ. ಕಾಕಾ ಹಿಂದೆ ಬರೆದ ಯಾವ ಅಡವಿಯಲ್ಲೂ ಗಾಳಿ ಬೀಸಿರಲಿಲ್ಲ.

ಆ ಗಾಳಿ ಎಲ್ಲಿಂದ ಬಂತೆಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಮುಂದಿನ ಅಡವಿ ಶುರುವಾದಾಗ ಚಾಪೆಯ ಮೇಲಿನಿಂದಲೇ ಕದ್ದು ಝೂಮ್ ಮಾಡಿದೆ. ಅವರ ಬಲಗೈ ನಡುಗುತ್ತಿತ್ತು; ಚಾ ಕುಡಿಯಲು ಎರಡು ಟೇಕ್ ಯಾಕೆಂದು ಆಗ ತಿಳಿಯಿತು. ಎಡಗೈಯಿಂದ ಮಣಿಕಟ್ಟು ಹಿಡಿದು, ಬ್ರಶ್ಶನ್ನು ಬಟ್ಟೆಗೆ ತಾಗಿಸಿ, ನಡುಕ ಹೋದಲ್ಲೆಲ್ಲ ಎಲೆಯಾಗಲು ಬಿಡುತ್ತಿದ್ದರು. ಅರಮನೆಗೆ ನೇರ ಗೆರೆ ಬೇಕು. ಅಡವಿ ಅಷ್ಟು ಹಟ ಮಾಡುವುದಿಲ್ಲ.

ಕಣ್ಣಿನ ಆಪರೇಶನ್ ಆದಾಗಲೇ ನೀನು ಹೇಳಿದ್ದೆ, ಇನ್ನೊಂದು ತೊಂದರೆ ಕಂಡರೆ ಬಣ್ಣದ ಖೋಲಿಗೆ ಕೀಲಿ ಹಾಕಿ ಅಬ್ಬಾ ಅಮ್ಮ ಇಬ್ಬರನ್ನೂ ಹುಕ್ಕೇರಿಗೆ ಕರೆದೊಯ್ಯುತ್ತೇನೆಂದು. ೨೪ರ ರವಿವಾರ ಅರಭಾವಿಯಲ್ಲಿ ಚಿತ್ರದ ಮೊದಲ ಪ್ರದರ್ಶನ, ನೀನು ಬಂದೇ ಬರುತ್ತೀ. ಆ ತುಣುಕು ಇಟ್ಟರೆ ಅವರ ಕೈಯ ಬ್ರಶ್ ಹೋಗಬಹುದು, ತೆಗೆದರೆ ನನ್ನ ಚಿತ್ರದ ಉಸಿರೇ ಹೋಗುತ್ತದೆ. ಇಟ್ಟಿದ್ದೇನೆ. ನೋಡಿದ ಮೇಲೆ ಅವರನ್ನು ಕರೆದೊಯ್ಯಬೇಡ. ನಡುಗಿದರೂ ಬರೆಯುತ್ತಿರುವ ಕೈ ಅದು. ನನ್ನ ಸ್ವಾರ್ಥವೂ ಇದೆ, ಒಪ್ಪುತ್ತೇನೆ. ಗೋಕಾಕದಲ್ಲಿ ಪರದೆ ಬರೆಯುವ ಕೊನೆಯ ಕಲಾವಿದ ಎಂದು ಚಿತ್ರದ ಕೊನೆಗೆ ಹಾಕಿದ್ದೇನೆ. ಅವರು ಹುಕ್ಕೇರಿಯಲ್ಲಿದ್ದರೆ ಆ ಸಾಲು ಸುಳ್ಳಾಗುತ್ತದೆ.

ಬೈಗುಳಕ್ಕೆ ಕಿವಿ ತೊಳೆದು ಕೂತಿರುವ,
ವಿಜಯಶ್ರೀ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಕದ್ದು ಝೂಮ್ ಮಾಡಿದೆ ಎಂದದ್ದು ಸುಳ್ಳು. ಖರೆ ಅಂದರೆ ಕಾಕಾನೇ ಅಂದು ನನ್ನನ್ನು ಹತ್ತಿರ ಕರೆದರು. "ಮಗಳ ಮುಂದ ಹೇಳಾಕ ಬಾಯಿ ಬರವಲ್ದು. ಇದರ ಮುಂದ ಹೇಳ್ತೇನಿ, ತಕ್ಕೋ," ಎಂದು ಕ್ಯಾಮೆರಾದ ಮುಂದೆ ಕೈ ಚಾಚಿದರು. ಕರೆದೊಯ್ಯಬೇಡ ಎಂಬುದು ನನ್ನ ಮಾತು, ಅವರದಲ್ಲ. ಬ್ರಶ್ ತೊಳೆಯುತ್ತ ಅವರು ಕೇಳಿದ್ದು ಒಂದೇ: "ಮಹೆಕನ ಮನ್ಯಾಗ ಇಪ್ಪತ್ತ ಫೂಟಿನ ಗ್ವಾಡಿ ಐತೇನ?" ನನಗೆ ಗೊತ್ತಿರಲಿಲ್ಲ. ಪರದೆ ತೂಗುವಷ್ಟು ಗೋಡೆ ಇದೆಯೇ, ಅಳೆದು ತಿಳಿಸು.