ಚರಿತ್ರೆಯಲ್ಲಿ ಬಿಟ್ಟುಹೋದ ನಾಲ್ಕು ಸಾಲು

ಚಾಟ್ಸ್‌ವರ್ತ್, ಮೇ 2012

ದೇವದಾಸಣ್ಣ,

ಇಂಗ್ಲೆಂಡಿನಲ್ಲಿ ನಾವಿಬ್ಬರೂ ಓದಿದ ಶಾಲೆಯ ಚರಿತ್ರೆ ಬರೆದು ಕಳಿಸಿದ್ದೀಯಲ್ಲ, ತಲುಪಿತು. ಎರಡು ಶಾಲೆ ಸೇರಿ ಒಂದಾದದ್ದು, ಹೆಡ್‌ಮಾಸ್ಟರುಗಳು, ಹೊಸ ಕಟ್ಟಡ, ಎಲ್ಲ ಇದೆ. ಹದಿನಾಲ್ಕು ವರ್ಷ ಅಲ್ಲಿ ಊಟ ಬಡಿಸಿದ ಅಮ್ಮ ಮಾತ್ರ ಇಲ್ಲ.

ನಿನ್ನೊಬ್ಬನನ್ನೇ ದೂರಲಾರೆ. ಸಾಲಿನಲ್ಲಿ ನಿಂತು, ಅವಳು ಯಾರೋ ಎಂಬ ಹಾಗೆ ತಟ್ಟೆ ಒಡ್ಡಿದವಳು ನಾನೂ. ಅವಳೂ ಹಾಗೆಯೇ ಬಡಿಸುತ್ತಿದ್ದಳು. ನಮ್ಮ ತಟ್ಟೆಗೆ ಮಾತ್ರ ಒಂದು ಆಲೂಗಡ್ಡೆ ಹೆಚ್ಚು ಬೀಳುತ್ತಿತ್ತು.

ಅಮ್ಮನಿಗೆ ಈಗ ಅಕ್ಷರ ಕಾಣುವುದಿಲ್ಲ. ಓದಿ ಹೇಳು ಎಂದಾಗ ಅವಳ ಬಗ್ಗೆ ನಾಲ್ಕು ಸಾಲು ನಾನೇ ಸೇರಿಸಿ ಓದಿಬಿಟ್ಟೆ. "ದಾಸು ಬರೆದನಾ?" ಎಂದು ಎರಡು ಸಲ ಕೇಳಿದಳು. ಹೌದು ಅಂದೆ.

ಆ ಸಾಲುಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಬೇಕಾದರೆ ತಿದ್ದಿಕೋ, ಆದರೆ ಅಚ್ಚಿಗೆ ಕೊಡುವ ಮುಂಚೆ ಸೇರಿಸು. ಇಲ್ಲಿ ಹತ್ತಿರದ ಕ್ಯಾಲಬಾಸಸ್ ದೇವಸ್ಥಾನದಲ್ಲಿ ಅಮ್ಮ ಆಗಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ.

ನಿನ್ನ ತಂಗಿ,
ಜಲಜಾ