ನಾಲ್ಕು ಮರದ ಕಂಬಗಳಿಗೆ ಅಮೃತಶಿಲೆಯ ಪಾಲಿಶ್

ಮಾನ್ಯ ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿಗಳೇ,

ಬರುವ ಸೋಮವಾರ ನಿಮ್ಮ ಕಚೇರಿ ನಮ್ಮೂರ ಕೆಥೆಡ್ರಲಿನ ಹನ್ನೆರಡು ಕಂಬಗಳನ್ನು ಯಂತ್ರದಿಂದ ಉಜ್ಜಿ ಹೊಳಪು ಬರಿಸಲಿದೆ. ಅಮೃತಶಿಲೆಗೆ ಇದರಿಂದ ಒಳ್ಳೆಯದೇ ಆಗಬಹುದು. ತೊಂದರೆ ಇಷ್ಟೇ, ಅವುಗಳಲ್ಲಿ ನಾಲ್ಕು ಮರದವು. ಅವುಗಳ ಮೇಲಿರುವುದು ಬರೀ ಬಣ್ಣ. ನಿಮ್ಮ ಯಂತ್ರ ಅರ್ಧ ಗಂಟೆಯಲ್ಲಿ ಕೆರೆದು ಹಾಕಲಿರುವ ಆ ಬಣ್ಣವನ್ನು ಬಳಿಯಲು ನನ್ನ ಅಜ್ಜಿಗೆ ಹನ್ನೊಂದು ತಿಂಗಳು ಹಿಡಿದಿತ್ತು. ಸಂರಕ್ಷಣೆ ಎಂಬ ಮಾತಿಗೆ ನಿಮ್ಮ ಕಚೇರಿಯಲ್ಲಿ ಬೇರೆ ಅರ್ಥವಿದ್ದರೆ ದಯವಿಟ್ಟು ತಿಳಿಸಿ. ನಾನು ಒಂಬತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟವಳು, ಆ ಪಾಠ ಮುಂದೆಲ್ಲೋ ಇದ್ದಿರಬಹುದು.

ಈ ಗೊಂದಲದ ಮೂಲ ನೀವು ಹೆಬ್ಬಾಗಿಲ ಬಳಿ ನಿಲ್ಲಿಸಿದ ನೀಲಿ ಫಲಕ. ಕೆಥೆಡ್ರಲಿಗೆ ಒಂದೇ ಗೋಪುರವಿರುವುದು ದೇವರ ಏಕತ್ವದ ಸಂಕೇತ ಎಂದು ಅದರಲ್ಲಿ ಬರೆಸಿದ್ದೀರಿ. ಪೂಜಾಸಾಮಗ್ರಿ ಇಡುವ ಕೋಣೆಯ ಬೀರುವಿನಲ್ಲಿ ಕಟ್ಟಡದ ಹಳೆಯ ದಿನಚರಿ ಇದೆ. ಅದರ ಪ್ರಕಾರ ಎರಡು ಗೋಪುರಗಳಿಗೆ ಪಾಯ ತೋಡಿದ್ದರು. ಬಲಗಡೆಯ ಗುಂಡಿಯಲ್ಲಿ ನೀರು ಉಕ್ಕಿತು, ಏಳು ವಾರ ಮೊಗೆದರೂ ಬತ್ತಲಿಲ್ಲ, ಎಂಟನೇ ವಾರ ಮೇಸ್ತ್ರಿ ಹೇಳದೆ ಕೇಳದೆ ಪರಾರಿಯಾದ. ಏಕತ್ವಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ? ಗಂಟೆಯ ನಾದ 'ಸುಮಧುರ' ಎಂದೂ ಇದೆ. ಅದು ಬಿರುಕು ಬಿಟ್ಟು ಮೂವತ್ತು ವರ್ಷವಾಯಿತು. ನೆಗಡಿ ಹಿಡಿದ ಮುದುಕ ಕೆಮ್ಮಿದ ಹಾಗೆ ಕೇಳುತ್ತದೆ, ನಾವು ಹಾಗೆಯೇ ಅದನ್ನು ಪ್ರೀತಿಸುತ್ತೇವೆ. ಈ ಸುಳ್ಳುಗಳಿಂದ ಯಾರಿಗೂ ನಷ್ಟವಿಲ್ಲ ಎಂದು ಸುಮ್ಮನಿದ್ದೆ. ಆದರೆ ಅದೇ ಫಲಕದ ನಾಲ್ಕನೇ ಸಾಲು: 'ಹನ್ನೆರಡು ಕಂಬಗಳೂ ಹಡಗಿನಲ್ಲಿ ತರಿಸಿದ ಅಪ್ಪಟ ಅಮೃತಶಿಲೆ.'

ಹಡಗಿನಲ್ಲಿ ಬಂದದ್ದು ಎಂಟು. ಉಳಿದ ನಾಲ್ಕಕ್ಕೆ ಕಾದು ಕಾದು ಸಾಕಾಗಿ, ಹಾಡುವವರು ನಿಲ್ಲುವ ಅಟ್ಟದ ಕೆಳಗೆ ಮರದ ಕಂಬ ನೆಟ್ಟು ಸುಣ್ಣ ಬಳಿದರು. ನೂರು ವರ್ಷ ಅವು ಹಾಗೇ ಬೆಳ್ಳಗೆ, ಮದುವೆಗೆ ಕರೆಯದೆ ಬಂದ ನೆಂಟರ ಹಾಗೆ ಹಿಂದೆ ನಿಂತಿದ್ದವು. ಆಮೇಲೆ ಅಂದಿನ ಧರ್ಮಾಧ್ಯಕ್ಷರು, ಮನೆಗಳ ಬಾಗಿಲು ಕಿಟಕಿಗೆ ಬಣ್ಣ ಹೊಡೆಯುತ್ತಿದ್ದ ನನ್ನ ಅಜ್ಜಿಯನ್ನು ಕರೆಸಿ, "ಎಂಟರ ಪಕ್ಕ ಈ ನಾಲ್ಕು ನಾಚಿಕೊಳ್ಳದ ಹಾಗೆ ಮಾಡ್ತೀಯಾಮ್ಮ?" ಎಂದು ಕೇಳಿದರು.

ಅಜ್ಜಿ ಮೊದಲ ತಿಂಗಳು ಕುಂಚವನ್ನೇ ಮುಟ್ಟಲಿಲ್ಲ. ಬೆಂಚಿನ ಮೇಲೆ ಅಂಗಾತ ಮಲಗಿ ಎಂಟು ಕಂಬಗಳ ಗೆರೆಗಳನ್ನು ನೋಡುತ್ತಿದ್ದಳು. ಜನ ಅವಳಿಗೆ ಹುಚ್ಚು ಎಂದರು, ಕೆಲವರು ಭಕ್ತಿ ಎಂದರು. ಆಮೇಲೆ ಮರಕ್ಕೆ ಆರು ಪದರ ಬಿಳಿ ಬಣ್ಣ ಕೊಟ್ಟು, ಪ್ರತಿ ಪದರವನ್ನೂ ಉಪ್ಪುಕಾಗದದಿಂದ ತಿಕ್ಕಿ, ಕೋಳಿಯ ಪುಕ್ಕವನ್ನು ಬೂದು ಬಣ್ಣದಲ್ಲಿ ಅದ್ದಿ ಒಂದೊಂದೇ ಗೆರೆ ಎಳೆದಳು. ಒಣಗುವ ಮೊದಲು ಬಟ್ಟೆಯಿಂದ ಒತ್ತಿ ಅದರ ಅಂಚು ಕರಗಿಸಿದಳು. ಕಲ್ಲಿನ ಗೆರೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕಾಣಬಾರದಂತೆ. ನನಗೂ ಕಲಿಸಲು ನೋಡಿದಳು. ನಮ್ಮ ಅಡುಗೆಮನೆಯ ಬಾಗಿಲ ಮೇಲೆ ನಾನು ಎಳೆದ ಗೆರೆಗಳನ್ನು ನೋಡಿ, "ಇದು ಕಲ್ಲಲ್ಲ ಕಣೇ, ಬಸ್ಸಿನ ದಾರಿ ತೋರ್ಸೋ ನಕ್ಷೆ," ಎಂದಳು. ಹಾಗಾಗಿ ಈ ವಿದ್ಯೆ ಬಲ್ಲವಳು ಈಗ ಊರಲ್ಲಿ ಅಜ್ಜಿ ಒಬ್ಬಳೇ, ಅವಳ ಕೈ ನಡುಗುತ್ತದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಿಮ್ಮ ಕಚೇರಿಯ ಗುರುತಿನ ಬಿಲ್ಲೆ ಧರಿಸಿ ಗೈಡ್ ಆದ ಮೊದಲ ಆರು ತಿಂಗಳು ನಾನೂ ಫಲಕದ ಪಾಠವನ್ನೇ ಒಪ್ಪಿಸಿದೆ. ಒಂದು ದಿನ ಬಡಗಿಯೊಬ್ಬರು ಹತ್ತನೇ ಕಂಬಕ್ಕೆ ಬೆರಳಿನಿಂದ ತಟ್ಟಿ, ಕಿವಿ ಇಟ್ಟು, "ತಂಗಿ, ಇದು ಕಲ್ಲು ಅಂತ ನಿಂಗೆ ನಿಜವಾಗ್ಲೂ ಅನ್ಸತ್ತಾ?" ಎಂದರು. ಅಂದಿನಿಂದ ಎಲ್ಲರಿಗೂ ನಿಜ ಹೇಳಿದೆ. ಜನ ಎಂಟು ಅಸಲಿ ಕಂಬಗಳನ್ನು ಬಿಟ್ಟು ನಾಲ್ಕು ನಕಲಿಗಳ ಸುತ್ತ ನೆರೆದು ತಟ್ಟಿ ತಟ್ಟಿ ನಕ್ಕರು. ಒಬ್ಬರು ಮಾತ್ರ ನಿಮಗೆ ದೂರು ಬರೆದರು. ನೀವು 'ಸ್ಮಾರಕದ ಘನತೆಗೆ ಧಕ್ಕೆ' ಎಂದು ನನ್ನ ಬಿಲ್ಲೆ ಕಿತ್ತುಕೊಂಡಿರಿ. ಕಂಬದ ಘನತೆ ಅದರೊಳಗಿನ ಮರ ಗೊತ್ತಾದರೆ ಕುಸಿಯುತ್ತದೆಯೇ? ಮರಕ್ಕೆ ಹೊತ್ತುಕೊಂಡು ನಿಲ್ಲುವ ಅಭ್ಯಾಸ ನೂರು ವರ್ಷಕ್ಕೂ ಮೇಲ್ಪಟ್ಟು ಇದೆ, ಸ್ವಾಮಿ.

ಬಿಲ್ಲೆ ಹೋಗಲಿ. ಪಾಲಿಶ್ ನಿಲ್ಲಿಸಿ ಎಂದು ಕೇಳಲು ನಿಮ್ಮ ಕಚೇರಿಗೆ ಬಂದೆ. ಎರಡನೇ ಮೇಜಿನ ಗುಮಾಸ್ತರು ಕಡತದಿಂದ ತಲೆ ಎತ್ತಲಿಲ್ಲ.

"ಫೈಲಲ್ಲಿ ಅಮೃತಶಿಲೆ ಅಂತಿದೆಯಲ್ಲಮ್ಮ."

"ಕಂಬದಲ್ಲಿ ಮರ ಇದೆ ಸಾರ್."

"ಫೈಲಿಗೆ ಆಧಾರ ಇದೆ. ಫಲಕ ನೋಡಿ ಬರೆದಿದ್ದು."

"ಫಲಕ ಏನ್ ನೋಡಿ ಬರೆದಿದ್ದು?"

"ಫೈಲ್ ನೋಡಿ." ಆಗ ಅವರು ಕನ್ನಡಕ ತೆಗೆದರು. "ಬದಲಾಯಿಸ್ಬೇಕು ಅಂದ್ರೆ ತಜ್ಞರ ವರದಿ ಬೇಕು. ನೀನೇನು ಓದಿದೀಯ?"

"ಒಂಬತ್ತು. ಅದೂ ಪೂರ್ತಿ ಅಲ್ಲ."

"ಮತ್ತೆ?" ಎಂದು ಕನ್ನಡಕ ಏರಿಸಿಕೊಂಡರು. ಮಾತು ಅಲ್ಲಿಗೆ ಮುಗಿಯಿತು.

ಕೆಥೆಡ್ರಲಿನ ಗುರುಗಳಿಗೂ ಇದೇ ಗತಿ. "ಎರಡು ಪತ್ರ ಬರೆದೆ ಮಗಳೇ. ಉತ್ತರ ಬಂತು. 'ಮಾನ್ಯ ಗುತ್ತಿಗೆದಾರರೇ, ಸೋಮವಾರ ಬೆಳಿಗ್ಗೆ ಯಂತ್ರದೊಂದಿಗೆ ಹಾಜರಾಗಿ' ಅಂತಿದೆ. ಈಗ ನಾನು ಯಂತ್ರ ಎಲ್ಲಿಂದ ತರ್ಲಿ?"

ನನ್ನ ಪಕ್ಷದ ಮುಖ್ಯ ಸಾಕ್ಷಿಯೇ ಮೊದಲು ನನಗೆ ವಿರುದ್ಧವಿದ್ದಳು ಎಂಬುದನ್ನೂ ಮುಚ್ಚಿಡುವುದಿಲ್ಲ. ಈ ಪತ್ರ ಬರೆಯುತ್ತೇನೆ ಎಂದಾಗ ಅಜ್ಜಿ ಸಿಡುಕಿದಳು.

"ಸುಮ್ನಿರೇ. ಸರ್ಕಾರನೇ ಅಮೃತಶಿಲೆ ಅಂತ ಬರ್ಸಿದೆ. ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಬಹುಮಾನ ಯಾರು ಕೊಡ್ತಾರೆ?"

"ಅಜ್ಜೀ, ಅಮೃತಶಿಲೆ ಅಂತ ನಂಬಿದ್ದಕ್ಕೇ ಮೆಷಿನ್ ಹಚ್ತಿದ್ದಾರೆ," ಎಂದು ಅವಳ ಕಿವಿಯ ಬಳಿ ಕೂಗಿದೆ.

ಅಜ್ಜಿ ಎದ್ದು, ಪುಕ್ಕಗಳಿದ್ದ ಡಬ್ಬಿ ತೆಗೆದು, ಒಂದನ್ನು ಬೆರಳ ನಡುವೆ ಹಿಡಿದು ನೋಡಿದಳು. ಪುಕ್ಕದ ತುದಿ ನಿಲ್ಲಲೇ ಇಲ್ಲ. "ಇನ್ನೊಂದ್ಸಲ ಆಗಲ್ಲ ಕಣೇ," ಎಂದು ಡಬ್ಬಿ ಮುಚ್ಚಿದಳು.

ಆದ್ದರಿಂದ ನನ್ನ ಬೇಡಿಕೆ. ಪಾಲಿಶ್ ಆದೇಶದಿಂದ ಹಿಂದಿನ ಸಾಲಿನ ನಾಲ್ಕು ಕಂಬಗಳನ್ನು ಕೈಬಿಡಿ, ಲಿಖಿತವಾಗಿ, ಶನಿವಾರದೊಳಗೆ. ಫಲಕದಲ್ಲಿ ನಿಜವನ್ನು ಬರೆಸಿ. ಗೋಪುರ, ಗಂಟೆಗಳ ವಿಷಯ ನಿಮ್ಮಿಷ್ಟ. ನನ್ನ ಬಿಲ್ಲೆಯನ್ನು ನಾನು ಕೇಳುತ್ತಿಲ್ಲ. ಕೊಟ್ಟರೆ ಮತ್ತೆ ನಿಜವನ್ನೇ ಹೇಳುತ್ತೇನೆ, ನೀವು ಮತ್ತೆ ಕಿತ್ತುಕೊಳ್ಳಬೇಕಾಗುತ್ತದೆ, ಇಬ್ಬರಿಗೂ ಸುಮ್ಮನೆ ಓಡಾಟ.

ಶನಿವಾರದೊಳಗೆ ಉತ್ತರ ಬರದಿದ್ದರೆ, ಸೋಮವಾರ ಬೆಳಗಿನ ಪೂಜೆ ಮುಗಿದ ಕೂಡಲೇ ಹತ್ತನೇ ಕಂಬಕ್ಕೆ ಬೆನ್ನು ಕೊಟ್ಟು ಕೂರುವುದಾಗಿ ಅಜ್ಜಿ ತೀರ್ಮಾನಿಸಿದ್ದಾಳೆ. ಊಟವನ್ನೂ ಅಲ್ಲಿಗೇ ತರಲು ಹೇಳಿದ್ದಾಳೆ. ಯಂತ್ರದವರಿಗೆ ಮುಂಚಿತವಾಗಿ ಒಂದು ಮಾತು ತಿಳಿಸಿಬಿಡಿ. ಅವಳಿಗೆ ಎರಡು ಕಿವಿಯೂ ಮಂದ. ಯಂತ್ರ ಎಷ್ಟು ಸದ್ದು ಮಾಡಿದರೂ ಏಳುವವಳಲ್ಲ, ನಿಮ್ಮ ಆದೇಶವನ್ನು ಎಷ್ಟು ಸಲ ಓದಿ ಹೇಳಿದರೂ ಕೇಳಿಸುವುದಿಲ್ಲ.

ಇಂತಿ,
ಸೋಮವಾರ ಅವಳ ಕುರ್ಚಿ ಹೊರಬೇಕಾಗಿರುವ ಮೊಮ್ಮಗಳು